ಕರಡು ನಿಯಮ ಪ್ರಕಟಿಸಿದ ಮೇಲೆ ಸಭೆ ಕರೆಯಲೇಬೇಕಾ?

ಪ್ರಶ್ನೆ: ಕೇಂದ್ರದ ಒಂದು ಇಲಾಖೆ ನಮ್ಮ ವೃತ್ತಿಯ ಬಗ್ಗೆ ಕರಡು ನಿಯಮ ಪ್ರಕಟಿಸಿ, 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಿ ಅಂದಿತ್ತು. ನಮ್ಮ ಸಂಘದಿಂದ ಸಲ್ಲಿಸಿದೆವು. ಈಗ ಒಂದು ಸಭೆಯನ್ನೂ ಕರೆಯದೆ ನಿಯಮ ಅಂತಿಮವಾಗಿದೆ. ನಮ್ಮ ಮಾತು ಕೇಳಬೇಕಿತ್ತು ಅಲ್ವಾ?

ವಕೀಲರ ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಸಭೆ ಕರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಯಮ ಬಿದ್ದುಹೋಗುವುದಿಲ್ಲ. ಮೂಲ ಕಾಯ್ದೆಯೇ ವಿಚಾರಣೆ ಬೇಕು ಎಂದಿದ್ದರೆ ಮಾತು ಬೇರೆ. ಔಷಧಿ ಬೆಲೆಗೆ ಸಂಬಂಧಿಸಿದ 1987ರ ಸೈನಮೈಡ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು.

ಮೂಲ ಕಾಯ್ದೆಯಲ್ಲಿ ನಿಯಮ ಮಾಡುವ ಅಧಿಕಾರ ಕೊಟ್ಟ ಸೆಕ್ಷನ್ ತೆರೆದು ನೋಡಿ. 'ಪೂರ್ವ ಪ್ರಕಟಣೆಯ ನಂತರ' ಎಂಬ ಮಾತು ಅಲ್ಲಿದ್ದರೆ ಕೇಂದ್ರದ ಕಾಯ್ದೆಗಳಿಗೆಲ್ಲ ಸಾಮಾನ್ಯವಾಗಿ ಅನ್ವಯಿಸುವ 1897ರ ಜನರಲ್ ಕ್ಲಾಜಸ್ ಕಾಯ್ದೆಯ 23ನೇ ಸೆಕ್ಷನ್ ನಿಮ್ಮ ಕೈಹಿಡಿಯುತ್ತದೆ. ಕರಡು ಪ್ರಕಟವಾಗಬೇಕು. ಯಾವ ದಿನದಿಂದ ಅದನ್ನು ಪರಿಶೀಲನೆಗೆ ಎತ್ತಿಕೊಳ್ಳುತ್ತಾರೆ ಅಂತ ನೋಟಿಸ್‌ನಲ್ಲಿ ಇರಬೇಕು. ಅಷ್ಟರೊಳಗೆ ಬಂದ ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಎಷ್ಟು ದಿನ ಕೊಡಬೇಕು ಅಂತ ಮಾತ್ರ ಈ ಸೆಕ್ಷನ್ ಹೇಳುವುದಿಲ್ಲ. ಕನಿಷ್ಠ 30 ದಿನ ಎಂಬುದು ಕೇಂದ್ರದ 2014ರ ನೀತಿ, ಕಾಯ್ದೆಯಲ್ಲ.

ಪ್ರಶ್ನೆ: 'ಆಕ್ಷೇಪಣೆಗಳನ್ನು ಪರಿಗಣಿಸಲಾಗಿದೆ' ಅಂತ ಅಧಿಸೂಚನೆಯಲ್ಲಿ ಒಂದೇ ಸಾಲು ಇದೆ. ಸುಮ್ನೆ ಬರೆದರೆ ಸಾಕಾ?

ವಕೀಲರ ಉತ್ತರ: ನನಗೂ ನೋವಾಗುವ ಜಾಗ ಇದೇ. ಪೂರ್ವ ಪ್ರಕಟಣೆಯ ನಂತರ ಮಾಡಿದ ನಿಯಮ ಅಂತ ಗೆಜೆಟ್‌ನಲ್ಲಿ ಬಂದರೆ, ಅದು ಸರಿಯಾಗಿ ಆಗಿದೆ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ ಅಂತ ಅದೇ 23ನೇ ಸೆಕ್ಷನ್‌ನ 5ನೇ ಉಪಸೆಕ್ಷನ್ ಹೇಳುತ್ತದೆ. ಹಾಗಾಗಿ ಬರೀ ವಿಧಾನದ ಲೋಪ ಹಿಡಿದು ಕೋರ್ಟಿಗೆ ಹೋದರೆ ಕಷ್ಟ ಜಾಸ್ತಿ.

ಮೊದಲು ಆರ್‌ಟಿಐನಲ್ಲಿ ಕಡತ ಕೇಳಿ. ಬಂದ ಆಕ್ಷೇಪಣೆಗಳ ಪಟ್ಟಿ, ಅವುಗಳ ಮೇಲಿನ ಟಿಪ್ಪಣಿ, ಕರಡಿಗೂ ಅಂತಿಮ ನಿಯಮಕ್ಕೂ ಇರುವ ವ್ಯತ್ಯಾಸದ ಕಾರಣ, ಎಲ್ಲದರ ಪ್ರತಿ ಬೇಕು ಅನ್ನಿ. ನಿಮ್ಮ ಪತ್ರವನ್ನು ಯಾರೂ ಓದಿಲ್ಲ ಅಂತ ಕಡತವೇ ತೋರಿಸಿದರೆ, ನಿಯಮ ಮನಸೋಇಚ್ಛೆಯಿಂದ ಕೂಡಿದೆ ಎಂಬ ನಿಮ್ಮ ವಾದಕ್ಕೆ ಬಲ ಬರುತ್ತದೆ. ಕಾಲ್ ಡ್ರಾಪ್‌ಗೆ ಪರಿಹಾರ ಕೊಡಬೇಕೆಂದ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮವನ್ನು ಸುಪ್ರೀಂ ಕೋರ್ಟ್ 2016ರಲ್ಲಿ ರದ್ದು ಮಾಡಿದಾಗ, ಪಾರದರ್ಶಕತೆ ಇಲ್ಲದ್ದೂ ಒಂದು ಕಾರಣವಾಗಿತ್ತು. ಅಲ್ಲಿ ಟ್ರಾಯ್ ಕಾಯ್ದೆಯೇ ಪಾರದರ್ಶಕತೆ ಬೇಕು ಅನ್ನುತ್ತದೆ. ನಿಮ್ಮ ಕಾಯ್ದೆಯಲ್ಲೂ ಅಂಥ ಮಾತಿದೆಯಾ ಹುಡುಕಿ.

ಪ್ರಶ್ನೆ: ಮುಂದೆ ತಿದ್ದುಪಡಿ ತಂದರೆ?

ವಕೀಲರ ಉತ್ತರ: ಮೂಲ ನಿಯಮಕ್ಕೆ ಪೂರ್ವ ಪ್ರಕಟಣೆ ಬೇಕಿದ್ದರೆ ತಿದ್ದುಪಡಿಗೂ ಬೇಕು. ಜನರಲ್ ಕ್ಲಾಜಸ್ ಕಾಯ್ದೆಯ 21ನೇ ಸೆಕ್ಷನ್ ನೋಡಿ. ಆಗ 'ವಿರೋಧಿಸುತ್ತೇವೆ' ಅಂತಷ್ಟೇ ಬರೆಯಬೇಡಿ. ನಿಯಮದ ಸಂಖ್ಯೆ ಹಾಕಿ, ಅದರಿಂದ ಆಗುವ ತೊಂದರೆ ಹೇಳಿ, ಬದಲಿಗೆ ಯಾವ ವಾಕ್ಯ ಇರಬೇಕೋ ಅದನ್ನೇ ಬರೆದು ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ.