‘ಬಹುಮತ’ ಎಂದರೆ ಅರ್ಧಕ್ಕಿಂತ ಹೆಚ್ಚೋ, ಉಳಿದವರಿಗಿಂತ ಹೆಚ್ಚೋ?

ಪದಚರ್ಚೆಯ ಬಳಗಕ್ಕೆ ಕೋಲಾರದಿಂದ ನಮಸ್ಕಾರ.

ಪಿಯು ರಾಜ್ಯಶಾಸ್ತ್ರ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಚುನಾವಣಾ ಸುಧಾರಣೆಯ ಅಧ್ಯಾಯದಲ್ಲಿ ಒಂದು ವಾಕ್ಯ ನನ್ನನ್ನು ಮುಂದಕ್ಕೆ ಹೋಗಗೊಡುತ್ತಿಲ್ಲ: ‘ಸರಳ ಬಹುಮತ ಪದ್ಧತಿಯಲ್ಲಿ ಬಹುಮತ ಪಡೆಯದ ಅಭ್ಯರ್ಥಿಯೂ ಗೆಲ್ಲಬಹುದು.’ ಸಂಗತಿ ಸರಿಯಾಗಿದೆ, ವ್ಯಾಕರಣವೂ ಸರಿಯಾಗಿದೆ. ಆದರೆ ಓದಿದ ಹುಡುಗ ಮೇಷ್ಟರಿಗೆ ತಲೆ ಕೆಟ್ಟಿದೆ ಎಂದುಕೊಂಡರೆ ಅವನನ್ನು ಬೈಯುವಂತಿಲ್ಲ.

ತೊಡಕು ಎಲ್ಲಿದೆ ಎಂದರೆ, ಇಂಗ್ಲಿಷಿನವರು ಮೆಜಾರಿಟಿ (ಅರ್ಧಕ್ಕಿಂತ ಹೆಚ್ಚು) ಮತ್ತು ಪ್ಲೂರಾಲಿಟಿ (ಉಳಿದ ಪ್ರತಿಯೊಬ್ಬರಿಗಿಂತ ಹೆಚ್ಚು) ಎಂದು ಬೇರ್ಪಡಿಸುವ ಎರಡನ್ನೂ ನಾವು ಒಂದೇ ಪದದಲ್ಲಿ ತುಂಬಿದ್ದೇವೆ. ವಿಧಾನಸಭೆಯ ಮಾತು ಬಂದಾಗ ಗೊಂದಲವಿಲ್ಲ. 224ರಲ್ಲಿ 113 ಎಂದರೆ ಬಹುಮತ, 112 ಎಂದರೆ ಅಲ್ಲ; ಪತ್ರಿಕೆಗಳು ಅದನ್ನು ‘ಮ್ಯಾಜಿಕ್ ಸಂಖ್ಯೆ’ ಎಂದು ಕರೆದು ಮಕ್ಕಳಿಗೂ ಬಾಯಿಪಾಠ ಮಾಡಿಸಿವೆ. ಕ್ಷೇತ್ರದ ಮಟ್ಟಕ್ಕೆ ಇಳಿದಾಗ ಅಂಥ ಸಂಖ್ಯೆಯೇ ಇಲ್ಲ. ಐವರು ಕಣದಲ್ಲಿದ್ದು ಒಬ್ಬರು ಶೇ 28 ಪಡೆದು ಮಿಕ್ಕವರಿಗಿಂತ ಮುಂದಿದ್ದರೆ, ಉಳಿದ ಶೇ 72 ಜನ ಬೇಡವೆಂದವರೇ ಶಾಸಕರಾಗುತ್ತಾರೆ. ಅದಕ್ಕೂ ನಾವು ‘ಬಹುಮತದಿಂದ ಆರಿಸಿ ಬಂದರು’ ಎನ್ನುತ್ತೇವೆ. ‘ಅತಿ ಹೆಚ್ಚು ಬಹುಮತದಿಂದ ಗೆಲ್ಲಿಸಿ’ ಎಂದು ಕೂಗುವ ಪ್ರಚಾರದ ಆಟೊಗಳಂತೂ ಇವೆರಡನ್ನೂ ಬಿಟ್ಟು ಗೆಲುವಿನ ಅಂತರಕ್ಕೇ ಬಹುಮತ ಎಂಬ ಹೆಸರಿಟ್ಟಿವೆ. ಹೀಗೆ ಒಂದು ಪದಕ್ಕೆ ಮೂರು ಅರ್ಥಗಳಾದವು.

ಕಾನೂನಿನಲ್ಲಿಯೂ ಒಂದು ಸ್ವಾರಸ್ಯವಿದೆ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ ಸೋತ ಅಭ್ಯರ್ಥಿ ಠೇವಣಿ ಉಳಿಸಿಕೊಳ್ಳಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಪಡೆದಿರಬೇಕು. ಗೆಲ್ಲುವುದಕ್ಕೆ ಮಾತ್ರ ಇಂಥ ಯಾವ ಭಾಗಲೆಕ್ಕವೂ ಇಲ್ಲ. ಎರಡನೆಯವರಿಗಿಂತ ಒಂದು ಮತ ಹೆಚ್ಚಿದ್ದರೆ ಸಾಕು. ಈ ಪದ್ಧತಿಗಿರುವ ‘ಫಸ್ಟ್ ಪಾಸ್ಟ್ ದಿ ಪೋಸ್ಟ್’ ಎಂಬ ಇಂಗ್ಲಿಷ್ ಹೆಸರನ್ನು ಕೆಲವರು ‘ಮೊದಲು ಗುರಿ ಮುಟ್ಟಿದವರ ಪದ್ಧತಿ’ ಎಂದು ಕನ್ನಡಿಸಿರುವುದು ಈ ಕಾರಣಕ್ಕೇ ನನಗೆ ಒಪ್ಪಿಗೆಯಾಗುವುದಿಲ್ಲ. ಇಲ್ಲಿ ನೆಟ್ಟ ಗುರಿಯೂ ಇಲ್ಲ, ಮೊದಲು ಮುಟ್ಟುವುದೂ ಇಲ್ಲ. ಕುದುರೆ ಪಂದ್ಯದಿಂದ ಬಂದ ಆ ಹೆಸರು ಮೂಲದಲ್ಲಿಯೇ ತಪ್ಪು ದಾರಿ ಹಿಡಿಸುತ್ತದೆ, ನಾವು ಅದನ್ನು ಹೊತ್ತು ತರಬೇಕಾಗಿಲ್ಲ.

ಪದ ಸ್ವಲ್ಪ ಸಡಿಲವಾಗಿದ್ದರೆ ಏನು ಮುಳುಗಿಹೋಗುತ್ತದೆ ಎಂದು ಕೇಳಬಹುದು. ಎರಡು ಪಕ್ಷಗಳ ಕಡೆಗೆ ರಾಜಕೀಯ ಏಕೆ ವಾಲುತ್ತದೆ ಎಂಬುದನ್ನು ಈ ವ್ಯತ್ಯಾಸವಿಲ್ಲದೆ ವಿವರಿಸಲು ಸಾಧ್ಯವಿಲ್ಲ. ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮಾರಿಸ್ ಡುವರ್ಜೆ 1951ರಲ್ಲಿ ಮುಂದಿಟ್ಟ ವಾದ ಪ್ರಸಿದ್ಧವಾದದ್ದು. ಒಂದೇ ಸುತ್ತಿನಲ್ಲಿ, ಉಳಿದವರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಎರಡು ಪಕ್ಷಗಳಿಗೆ ಅನುಕೂಲ ಮಾಡಿಕೊಡುತ್ತದೆ. ಇದಕ್ಕೆ ಅವರು ಕೊಟ್ಟ ಕಾರಣಗಳು ಎರಡು: ಮೂರನೆಯವರಿಗೆ ಬಿದ್ದ ಮತಗಳು ಸ್ಥಾನಗಳಾಗಿ ಮಾರ್ಪಡುವುದಿಲ್ಲ, ಅದನ್ನು ಕಂಡ ಮತದಾರ ಮುಂದಿನ ಸಲ ಮೂರನೆಯವರನ್ನು ತಾನಾಗಿಯೇ ಕೈಬಿಡುತ್ತಾನೆ.

ಮೊದಲನೆಯದಕ್ಕೆ ನಮ್ಮ ರಾಜ್ಯದ ಲೆಕ್ಕವೇ ಸಾಕು. 2018ರಲ್ಲಿ ಕಾಂಗ್ರೆಸ್ ಸುಮಾರು ಶೇ 38 ಮತ ಪಡೆದು 78 ಸ್ಥಾನ ಗೆದ್ದಿತು. ಬಿಜೆಪಿ ಶೇ 36ರಷ್ಟು ಪಡೆದು 104 ಗೆದ್ದಿತು. 2008ರಲ್ಲಿಯೂ ಹೀಗೆಯೇ, ಹೆಚ್ಚು ಮತ ಪಡೆದ ಕಾಂಗ್ರೆಸ್‌ಗೆ 80, ಬಿಜೆಪಿಗೆ 110. ಜೆಡಿಎಸ್ 2018ರಲ್ಲಿ ಶೇ 18ರಷ್ಟು ಮತಕ್ಕೆ 37 ಸ್ಥಾನ ಪಡೆದಿತ್ತು. 2023ರಲ್ಲಿ ಮತ ಶೇ 13ಕ್ಕೆ ಇಳಿದಾಗ ಸ್ಥಾನ 19ಕ್ಕೆ ಬಿದ್ದಿತು. ಮತ ಕಾಲುಭಾಗದಷ್ಟು ಕಡಿಮೆಯಾದರೆ ಸ್ಥಾನ ಅರ್ಧದಷ್ಟು ಹೋಯಿತು. ಅದೇ ವರ್ಷ ಶೇ 43ರಷ್ಟು ಮತ ಪಡೆದ ಕಾಂಗ್ರೆಸ್‌ಗೆ 135 ಸ್ಥಾನ ಬಂದು, ‘ಸ್ಪಷ್ಟ ಬಹುಮತ’ ಎಂಬ ದಪ್ಪ ಶೀರ್ಷಿಕೆಗಳೂ ಬಂದವು. ಸ್ಥಾನಗಳ ಮಟ್ಟಿಗೆ ಆ ಪದ ಸರಿ. ಮತಗಳ ಮಟ್ಟಿಗೆ ಯಾವ ಪಕ್ಷಕ್ಕೂ ಬಹುಮತವಿರಲಿಲ್ಲ. ಇದನ್ನು ತರಗತಿಯಲ್ಲಿ ಹೇಳಲು ಹೊರಟರೆ ಪುನಃ ಅದೇ ಪದ ಕಾಲಿಗೆ ತೊಡರುತ್ತದೆ.

ಎರಡನೆಯ ಕಾರಣಕ್ಕೆ ಜನರ ಬಾಯಿಯಲ್ಲಿ ಪದಗಳು ಹೇರಳವಾಗಿವೆ. ‘ಅವನಿಗೆ ಹಾಕಿದರೆ ಓಟು ದಂಡ’ ಎನ್ನುವ ಅಜ್ಜಿ ಡುವರ್ಜೆಯನ್ನು ಓದಬೇಕಾಗಿಲ್ಲ. ಇಲ್ಲಿ ಕೆಲವರು ‘ಗೆದ್ದೆತ್ತಿನ ಬಾಲ ಹಿಡಿಯುವುದು’ ಎಂಬ ಗಾದೆಯನ್ನು ಹೊಂದಿಸುತ್ತಾರೆ, ಅದು ಸರಿಹೋಗುವುದಿಲ್ಲ. ಬಾಲ ಹಿಡಿಯುವವನು ಗೆಲುವಿನಲ್ಲಿ ಪಾಲು ಕೇಳಲು ಹೋಗುವವನು. ನಾನು ಹೇಳುತ್ತಿರುವ ಮತದಾರ ಬೇರೆ. ತಾನು ಮೆಚ್ಚಿದವರು ಗೆಲ್ಲುವುದಿಲ್ಲ ಎಂದು ತಿಳಿದು, ತಾನು ಒಲ್ಲದವರು ಗೆಲ್ಲಬಾರದೆಂದು ಮಧ್ಯದ ಇನ್ನೊಬ್ಬರಿಗೆ ಮತ ಹಾಕುವವನು. ಅವನ ಈ ನಡೆಗೆ ಅಚ್ಚಿನ ಕನ್ನಡದಲ್ಲಿ ‘ತಂತ್ರಗಾರಿಕೆಯ ಮತ’ ಎಂಬುದನ್ನು ನೋಡಿದ್ದೇನೆ. ತಂತ್ರಗಾರಿಕೆ ಎಂದೊಡನೆ ಕುಟಿಲತೆಯ ವಾಸನೆ ಬರುತ್ತದೆ. ‘ಲೆಕ್ಕಾಚಾರದ ಮತ’ ಎಂದರೆ ಹೇಗೆ? ಅಭಿಪ್ರಾಯ ತಿಳಿಸಿ.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಪದ ‘ಮತ ವಿಭಜನೆ’. ಮೂರನೆಯವರು ನಿಂತ ಕೂಡಲೇ ‘ಮತ ಒಡೆಯಲು ನಿಲ್ಲಿಸಿದ್ದಾರೆ’ ಎಂಬ ಆರೋಪ ಸಿದ್ಧವಾಗುತ್ತದೆ. ಒಡೆಯಬೇಕಾದರೆ ಆ ಮತ ಮೊದಲೇ ಯಾರದ್ದೋ ಆಸ್ತಿಯಾಗಿ ಇಡಿಯಾಗಿರಬೇಕಲ್ಲವೇ? ಹಾಗೆಯೇ ‘ಅತಂತ್ರ ವಿಧಾನಸಭೆ’. ಅತಂತ್ರ ಎಂದರೆ ದಿಕ್ಕಿಲ್ಲದ, ನೆಲೆ ತಪ್ಪಿದ ಸ್ಥಿತಿ. 2004ರಲ್ಲಿ ಬಿಜೆಪಿಗೆ 79, ಕಾಂಗ್ರೆಸ್‌ಗೆ 65, ಜೆಡಿಎಸ್‌ಗೆ 58 ಸ್ಥಾನಗಳನ್ನು ಕೊಟ್ಟ ಜನರು ಹೇಳಿದ್ದು ಸ್ಪಷ್ಟವಾಗಿಯೇ ಇತ್ತು, ಯಾರೊಬ್ಬರಿಗೂ ಪೂರ್ತಿ ಒಪ್ಪಿಸುವುದಿಲ್ಲ ಎಂದು. ನಾವು ಅದನ್ನು ಅನಾಥಸ್ಥಿತಿಯ ಹೆಸರಿನಿಂದ ಕರೆದೆವು. ಇಬ್ಬರೇ ಇರುವುದು ಆರೋಗ್ಯ, ಮೂವರಿರುವುದು ಕಾಯಿಲೆ ಎಂಬ ತೀರ್ಪು ಈ ಪದಗಳೊಳಗೆ ಮೊದಲೇ ಕೂತಿದೆ ಎಂಬುದು ನನ್ನ ಗುಮಾನಿ.

ಇನ್ನು ‘ದ್ವಿಪಕ್ಷ ಪದ್ಧತಿ’. ಪಠ್ಯಗಳಲ್ಲಿ ನೆಲೆಯೂರಿದ ಪದ, ಬದಲಿಸಬೇಕೆಂಬ ಹಟ ನನಗಿಲ್ಲ. ಆದರೆ ‘ದ್ವಿಪಕ್ಷೀಯ’ ಎಂದು ಈಯ ಸೇರಿಸಬೇಡಿ. ಅದನ್ನು ಎರಡು ದೇಶಗಳ ಮಾತುಕತೆಯವರೂ ಕ್ರಿಕೆಟ್ ಸರಣಿಯವರೂ ಆಗಲೇ ತೆಗೆದುಕೊಂಡಿದ್ದಾರೆ. ‘ದ್ವಿಸದಸ್ಯ ಕ್ಷೇತ್ರ’ ಎಂಬುದರೊಂದಿಗೂ ಬೆರೆಸುವವರಿದ್ದಾರೆ. ಅದು ಒಂದೇ ಕ್ಷೇತ್ರದಿಂದ ಇಬ್ಬರನ್ನು ಆರಿಸುತ್ತಿದ್ದ ಹಳೆಯ ಏರ್ಪಾಡು. 1957ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಕೋಲಾರ ಅಂಥ ಕ್ಷೇತ್ರವಾಗಿತ್ತು, ಕೆ.ಸಿ. ರೆಡ್ಡಿಯವರು ಆರಿಸಿ ಬಂದದ್ದು ಹಾಗೆ. 1961ರ ಕಾಯಿದೆ ಅದನ್ನು ಕೊನೆಗೊಳಿಸಿತು.

ನನ್ನ ನಿಜವಾದ ತಕರಾರು ‘ಪಕ್ಷ’ ಎಂಬ ಪದದ ಮೇಲೆ. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಪಾರ್ಟಿ’ ಎಂದರೆ ಬಣ. ಗ್ರಾಮ ಪಂಚಾಯಿತಿ ಚುನಾವಣೆ ಕಾನೂನಿನ ಪ್ರಕಾರ ಪಕ್ಷರಹಿತ. ಊರಿನಲ್ಲಿ ಮಾತ್ರ ಪಾರ್ಟಿ ಎರಡೇ, ಮೇಲಿನ ಬೀದಿಯವರದ್ದೊಂದು, ಕೆಳಗಿನ ಬೀದಿಯವರದ್ದೊಂದು. ಶ್ರೀನಿವಾಸಪುರ ಕ್ಷೇತ್ರವನ್ನು ನೋಡಿ. ಅಲ್ಲಿ ಹಲವು ದಶಕಗಳಿಂದ ಕೆ.ಆರ್. ರಮೇಶ್ ಕುಮಾರ್ ಮತ್ತು ಜಿ.ಕೆ. ವೆಂಕಟಶಿವಾರೆಡ್ಡಿ ಇವರಿಬ್ಬರ ನಡುವೆಯೇ ಹೋರಾಟ, ಬಹುಪಾಲು ಒಬ್ಬರಾದ ಮೇಲೆ ಒಬ್ಬರಂತೆ ಗೆಲುವು. 1994ರಲ್ಲಿ ರಮೇಶ್ ಕುಮಾರ್ ಜನತಾದಳದಿಂದ ಗೆದ್ದು ಸಭಾಧ್ಯಕ್ಷರಾದರು, 2018ರಲ್ಲಿ ಕಾಂಗ್ರೆಸ್‌ನಿಂದ ಗೆದ್ದು ಮತ್ತೆ ಸಭಾಧ್ಯಕ್ಷರಾದರು. 1989ರಲ್ಲಿ ಕಾಂಗ್ರೆಸ್‌ನಲ್ಲಿದ್ದ ವೆಂಕಟಶಿವಾರೆಡ್ಡಿಯವರು 2023ರಲ್ಲಿ ಗೆದ್ದದ್ದು ಜೆಡಿಎಸ್‌ನಿಂದ. ಪಕ್ಷಗಳು ಅದಲುಬದಲಾದವು, ಎರಡು ಎಂಬ ಸಂಖ್ಯೆ ಅಲುಗಲಿಲ್ಲ. ಇದನ್ನು ದ್ವಿಪಕ್ಷ ಎನ್ನುವುದಕ್ಕಿಂತ ‘ಇಬ್ಬಣ’ ಎನ್ನುವುದು ಸತ್ಯಕ್ಕೆ ಹತ್ತಿರ. ಪದ ಹೊಸತು, ಕಿವಿಗೆ ಒಗ್ಗುತ್ತದೆಯೇ ನೋಡಿ.

ಕ್ಷೇತ್ರಕ್ಕೆ ಇಬ್ಬರು ಎಂದಾಕ್ಷಣ ರಾಜ್ಯಕ್ಕೆ ಎರಡು ಪಕ್ಷ ಎಂದಾಗುವುದಿಲ್ಲ ಎಂಬುದನ್ನೂ ಇದೇ ಸೀಮೆ ತೋರಿಸುತ್ತದೆ. ಬಾಗೇಪಲ್ಲಿಯಲ್ಲಿ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ 1994 ಮತ್ತು 2004ರಲ್ಲಿ ಗೆದ್ದರು. ರಾಜ್ಯದಲ್ಲಿ ಲೆಕ್ಕಕ್ಕಿಲ್ಲದ ಪಕ್ಷ ಅಲ್ಲಿ ಇಬ್ಬರಲ್ಲಿ ಒಬ್ಬರಾಗಿತ್ತು. ಕೆಜಿಎಫ್ ಅಣ್ಣಾ ಡಿಎಂಕೆಯನ್ನೂ ರಿಪಬ್ಲಿಕನ್ ಪಕ್ಷವನ್ನೂ ಗೆಲ್ಲಿಸಿದ ಊರು. ತುಮಕೂರು ಜಿಲ್ಲೆಯ 11 ಸ್ಥಾನಗಳು 2023ರಲ್ಲಿ ಕಾಂಗ್ರೆಸ್‌ಗೆ 7, ಬಿಜೆಪಿಗೆ 2, ಜೆಡಿಎಸ್‌ಗೆ 2 ಎಂದು ಮೂರು ಪಾಲಾದವು. ಲೋಕಸಭೆಯಲ್ಲಿ ಆಟ ಬೇರೆ. 2019ರಲ್ಲಿ ಕಾಂಗ್ರೆಸ್ ಜೊತೆಗಿನ ಮೈತ್ರಿಯಲ್ಲಿ ದೇವೇಗೌಡರು ತುಮಕೂರಿನಿಂದ ನಿಂತು 13,339 ಮತಗಳಿಂದ ಸೋತರು. 2024ರಲ್ಲಿ ಜೆಡಿಎಸ್ ಬಿಜೆಪಿಯ ಜೊತೆಗಿತ್ತು, ಕೋಲಾರ ಜೆಡಿಎಸ್ ಪಾಲಿಗೆ ಬಂತು, ಅಲ್ಲಿ ಅದು ಗೆದ್ದಿತು. ‘ತ್ರಿಕೋನ ಸ್ಪರ್ಧೆ’ ಎಂಬ ಪದ ‘ನೇರ ಹಣಾಹಣಿ’ಗೆ ಜಾಗ ಬಿಟ್ಟದ್ದು ಹೀಗೆ, ಮೂರನೆಯವರು ಸಾಯದೆ ಒಂದು ಕಡೆ ಸೇರಿಕೊಂಡು.

ಸುಧಾರಣೆ ಎಂಬ ಪದವೂ ಒಂದೇ ದಿಕ್ಕಿನದ್ದಲ್ಲ. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳು ನಿಂತಿದ್ದರು. ಆ ವರ್ಷವೇ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು, ಈಗ ಅದು 25,000. ಇದು ಸಣ್ಣವರನ್ನು ಹೊರಗಿಡುವ ಸುಧಾರಣೆ. ಕಾನೂನು ಆಯೋಗದ 1999ರ 170ನೇ ವರದಿ ಲೋಕಸಭೆಗೆ ಇನ್ನೂ ಕಾಲುಭಾಗ ಸ್ಥಾನಗಳನ್ನು ಸೇರಿಸಿ, ಅವನ್ನು ಪಕ್ಷಗಳ ಮತಪ್ರಮಾಣದಂತೆ ಹಂಚಲು ಸೂಚಿಸಿತ್ತು. ಅದು ಕಾಗದದಲ್ಲಿಯೇ ಉಳಿಯಿತು.

ನಮ್ಮ ಮೂರೂ ಜಿಲ್ಲೆಗಳಲ್ಲಿ ಬೇರೊಂದು ಪದ್ಧತಿ ಜೀವಂತವಾಗಿದೆ. ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರ ಮತ್ತು ಆಗ್ನೇಯ ಪದವೀಧರರ ಕ್ಷೇತ್ರ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರಗಳನ್ನೂ ಒಳಗೊಂಡಿವೆ. ಅಲ್ಲಿ ಚುನಾವಣಾ ಆಯೋಗ ಕೊಟ್ಟ ನೇರಳೆ ಪೆನ್ನಿನಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಅಂಕಿ ಬರೆಯಬೇಕು; ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಮತ ಅಸಿಂಧು. ಮೊದಲ ಎಣಿಕೆಯಲ್ಲಿ ಯಾರೂ ಸಿಂಧು ಮತಗಳ ಅರ್ಧ ದಾಟದಿದ್ದರೆ ಕೊನೆಯಲ್ಲಿರುವವರನ್ನು ಕೈಬಿಟ್ಟು ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸುತ್ತಾರೆ. ‘ಪ್ರಾಶಸ್ತ್ಯದ ಮತ’, ‘ಕೋಟಾ’ (ಗೆಲುವಿಗೆ ಬೇಕಾದ ಮತಸಂಖ್ಯೆ), ‘ವರ್ಗಾವಣೆ’ ಎಂಬ ಪದಗಳು ಇಲ್ಲಿನ ಮೇಷ್ಟರುಗಳಿಗೆ ಪುಸ್ತಕದ ಪದಗಳಲ್ಲ. ಇಲ್ಲಿ ಓಟು ದಂಡವಾಗುವ ಭಯ ಕಡಿಮೆ, ಎರಡನೇ ಅಂಕಿಗೆ ಬೆಲೆಯಿದೆ. ಪರ್ಯಾಯ ಪದ್ಧತಿಗಳಿಗೆ ಪದ ಹುಡುಕುವವರು ನಿಘಂಟಿಗೆ ಮುನ್ನ ಇಲ್ಲಿನ ಮತ ಎಣಿಕೆ ಕೇಂದ್ರದ ಭಾಷೆಯನ್ನು ಕೇಳಬೇಕು.

ಈಗ ಪ್ರಶ್ನೆಗೆ ಬರುತ್ತೇನೆ. ‘ಬಹುಮತ’ವನ್ನು ಅರ್ಧಕ್ಕಿಂತ ಹೆಚ್ಚು ಎಂಬ ಅರ್ಥಕ್ಕೆ ಮಾತ್ರ ಕಾದಿರಿಸೋಣ ಎಂಬುದು ನನ್ನ ಸಲಹೆ. ‘ಸರಳ ಬಹುಮತ’ ಎಂಬುದು ಸದನದಲ್ಲಿ ಹಾಜರಿದ್ದು ಮತ ಹಾಕಿದವರ ಅರ್ಧಕ್ಕಿಂತ ಹೆಚ್ಚು ಎಂಬುದಕ್ಕೆ ಬಳಕೆಯಲ್ಲಿರುವುದರಿಂದ ಅದನ್ನೂ ಕ್ಷೇತ್ರದ ಗೆಲುವಿಗೆ ತರಬಾರದು. ಹಾಗಾದರೆ ಪ್ಲೂರಾಲಿಟಿಗೆ ಏನನ್ನೋಣ? ‘ಹೆಚ್ಚುಮತ’ ಎಂದು ಮೊದಲು ಯೋಚಿಸಿದೆ. ಪರಿಷತ್ ಚುನಾವಣೆಯಲ್ಲಿ ಕೋಟಾ ದಾಟಿ ಮಿಕ್ಕ ‘ಹೆಚ್ಚುವರಿ ಮತ’ದೊಂದಿಗೆ ಅದು ಡಿಕ್ಕಿ ಹೊಡೆಯುತ್ತದೆ. ‘ಅಧಿಕಮತ’ ಸಂಸ್ಕೃತದ ಅಂಗಿ ತೊಟ್ಟ ಅದೇ ಪದ. ಜನ ಕೇಳುವುದು ‘ಎಷ್ಟು ಲೀಡಿನಲ್ಲಿ ಗೆದ್ದರು?’ ಎಂದು, ಅಚ್ಚಿನಲ್ಲಿ ಆ ಲೀಡು ‘ಮುನ್ನಡೆ’ಯಾಗಿದೆ. ಆದ್ದರಿಂದ ‘ಮುನ್ನಡೆ ಪದ್ಧತಿ’, ‘ಮುನ್ನಡೆಯ ಗೆಲುವು’ ಎಂಬ ಕಡೆಗೆ ನನ್ನ ಒಲವು. ಆಗ ಮೇಲಿನ ವಾಕ್ಯ ‘ಮುನ್ನಡೆ ಪದ್ಧತಿಯಲ್ಲಿ ಬಹುಮತ ಪಡೆಯದ ಅಭ್ಯರ್ಥಿಯೂ ಗೆಲ್ಲಬಹುದು’ ಎಂದು ನೇರವಾಗುತ್ತದೆ. ಇದಕ್ಕೆ ಇರುವ ಆಕ್ಷೇಪವೂ ಗೊತ್ತು: ಎಣಿಕೆ ಇನ್ನೂ ನಡೆಯುತ್ತಿರುವಾಗ ಮುಂದಿರುವುದಕ್ಕೆ ಮುನ್ನಡೆ ಎನ್ನುತ್ತೇವೆ, ಫಲಿತಾಂಶ ಬಂದ ಮೇಲೆ ಅದು ‘ಅಂತರ’ವಾಗುತ್ತದೆ.

ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿದ್ದರೆ ಬರೆಯಿರಿ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯವರು ತೆಲುಗಿನಲ್ಲಿ ಈ ವ್ಯತ್ಯಾಸವನ್ನು ಹೇಗೆ ಹೇಳುತ್ತಾರೆಂಬುದನ್ನೂ ತಿಳಿಸಿದರೆ ಉಪಕಾರ. ಟಿಪ್ಪಣಿ ಅಚ್ಚಿಗೆ ಹೋಗುವ ಮುನ್ನ ತಿದ್ದಿಕೊಳ್ಳಲು ಸಮಯವಿದೆ.