ಪೊಲ್ಲಿಲೂರು ಯುದ್ಧದ ಚಿತ್ರ ಕೈಯಲ್ಲೇ ಬರೆಸ್ಬೇಕು, ಯಾವುದನ್ನ ನೋಡ್ಕೊಂಡು ಬರೆಸೋದು?

ಮಂಡ್ಯ_ಸೀಮೆ:
ಎಲ್ರಿಗೂ ನಮಸ್ಕಾರ. ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಮೇಲೆ ಹೈದರ್, ಟಿಪ್ಪು ಸೇರಿ 1780ರಲ್ಲಿ ಪೊಲ್ಲಿಲೂರಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯನ್ನ ಸೋಲಿಸಿದ ಚಿತ್ರ ಇದ್ಯಲ್ಲ, ಅದರದ್ದೊಂದು ಕಾಪಿ ಮನೆ ಹಾಲ್‌ಗೆ ಬೇಕು. ಗೋಡೆ ಎಂಟಡಿ ಅಗಲ ಇದೆ. ಆನ್‌ಲೈನಲ್ಲಿ ಒಬ್ರು ಪೂರ್ತಿ ಹ್ಯಾಂಡ್ ಪೇಂಟೆಡ್ ಅಂದ್ರು ಅಂತ ತರಿಸಿದ್ರೆ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆದು ಅಲ್ಲಲ್ಲಿ ಬ್ರಷ್ ಆಡಿಸಿ ಕಳಿಸಿದ್ದಾರೆ, ತುಂಬಾ ಬೇಜಾರಾಯ್ತು, ವಾಪಸ್ ಕಳಿಸ್ದೆ. ಈಗ ಕಲಾವಿದರ ಹತ್ರಾನೇ ನೇರವಾಗಿ ಮಾಡಿಸೋಣ ಅಂತ. ಇಡೀ ಚಿತ್ರ ಮಾಡಿಸ್ಲಾ, ಒಂದು ಭಾಗ ಸಾಕಾ? ಒಳಗೆ ಫೋಟೋ ತೆಗೆಯೋಕೆ ಬಿಡಲ್ಲ, ಹಾಗಾದ್ರೆ ಕಲಾವಿದರಿಗೆ ಏನು ಕೊಡೋದು?

ಬಣ್ಣದ_ಬಟ್ಟಲು:
ಸರ್, ನಾನು ಇದೇ ಕೆಲಸ ಮಾಡೋನು. ಇಡೀ ಚಿತ್ರ ಎಂಟಡಿಗೆ ಇಳಿಸ್ಬೇಡಿ, ದಯವಿಟ್ಟು. ಸೈನಿಕರ ಮುಖ ಎಲ್ಲಾ ಕಡ್ಲೆಕಾಳಿನಷ್ಟು ಆಗ್ಬಿಡುತ್ತೆ, ಆ ಚಿತ್ರದ ಜೀವ ಇರೋದೇ ಮುಖಗಳಲ್ಲಿ. ನಡುಭಾಗ ಒಂದೇ ತಗೊಳ್ಳಿ: ಕೆಂಪು ಕೋಟಿನವರು ಚೌಕಾಕಾರವಾಗಿ ನಿಂತಿರೋದು, ಮದ್ದಿನ ಗಾಡಿ ಸಿಡಿಯೋದು, ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಬೆರಳು ಕಚ್ಚಿಕೊಂಡು ಕೂತಿರೋದು, ಸುತ್ತ ಮೈಸೂರಿನ ಕುದುರೆ ಸವಾರರು ನುಗ್ತಾ ಇರೋದು. ಅಷ್ಟಿದ್ರೆ ಯುದ್ಧದ ಕಥೆ ಪೂರ್ತಿ ಬಂದ ಹಾಗೆ.

ಇನ್ನೊಂದು ಮಾತು, ಕಲಾವಿದರಿಗೆ ಮೊದ್ಲೇ ಹೇಳಿ, ಪರ್ಸ್ಪೆಕ್ಟಿವ್ ಸರಿ ಮಾಡೋಕೆ ಹೋಗ್ಬೇಡಿ ಅಂತ. ಮೂಲದಲ್ಲಿ ದೂರದವರೂ ಹತ್ತಿರದವರೂ ಹೆಚ್ಚುಕಡಿಮೆ ಒಂದೇ ಅಳತೆ, ಸಾಲು ಸಾಲಾಗಿ ಒಬ್ಬರ ಮೇಲೊಬ್ಬರು. ಕಾಲೇಜಲ್ಲಿ ಕಲ್ತು ಬಂದವರು ಅದನ್ನ ತಪ್ಪು ಅಂದ್ಕೊಂಡು ತಿದ್ದಿ ನೆರಳು ಕೊಟ್ಬಿಡ್ತಾರೆ, ಅಲ್ಲಿಗೆ ಅದು ಬೇರೆ ಚಿತ್ರ ಆಯ್ತು. ಹಾಗೇ ಕೆಲವರು ಮೈಸೂರು ಶೈಲಿ ಅಂತ ಗೆಸ್ಸೋ ಕೆಲಸ (ಲೇಪ ಹಚ್ಚಿ ಉಬ್ಬಿಸೋದು) ಮಾಡಿ ಚಿನ್ನದ ರೇಕು ಅಂಟಿಸ್ತಾರೆ, ಅದು ದೇವರ ಪಟಕ್ಕೆ ಚೆಂದ, ಇದಕ್ಕೆ ಬೇಡ.

ಪ್ರಿಂಟ್ ಗುರುತು ಹಿಡಿಯೋಕೆ ಮೊಬೈಲ್ ಟಾರ್ಚ್‌ನ ಪಕ್ಕದಿಂದ ಹಿಡೀರಿ, ಕೈಯಲ್ಲಿ ಬರೆದಿದ್ರೆ ಗೆರೆಗೆರೆಗೂ ಬಣ್ಣದ ದಪ್ಪ ಬೇರೆ ಕಾಣ್ಸುತ್ತೆ. ಪ್ರಿಂಟಾದ್ರೆ ಭೂತಗನ್ನಡಿಯಲ್ಲಿ ಚುಕ್ಕೆ ಚುಕ್ಕೆ ಕಾಣೋ ಚಾನ್ಸ್ ಜಾಸ್ತಿ. ಎಲ್ಲಕ್ಕಿಂತ ಒಳ್ಳೇದು ಪೆನ್ಸಿಲ್ ಗೆರೆ ಎಳೆದಾಗಲೇ ಹೋಗಿ ನೋಡೋದು.

ಕೋಟೆ_ಬೀದಿ:
ಮೂಲ ಮೂಲ ಅಂತೀರಲ್ಲ, ಗೋಡೆ ಮೇಲೆ ಈಗಿರೋದೂ 1784ರಲ್ಲಿ ಅರಮನೆ ಕಟ್ಟಿಸಿದಾಗಿನ ಬಣ್ಣ ಪೂರ್ತಿ ಅಲ್ಲ. 1799ರಲ್ಲಿ ಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಅವರ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದೇ ಅರಮನೆಯಲ್ಲಿ ವಾಸ ಇದ್ದು ಚಿತ್ರಗಳನ್ನ ರಿಪೇರಿ ಮಾಡಿಸ್ದ, ಆಮೇಲೆ ಮತ್ತೆ ಹಾಳಾಗಿ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ, ಅಂದ್ರೆ 1855ರ ಸುಮಾರಿಗೆ, ಹಿಂದಿನ ಚಿತ್ರ ನೆನಪಿದ್ದ ನಮ್ಮ ಕಲಾವಿದರ ಕೈಲೇ ಹೊಸದಾಗಿ ಬರೆಸಿದ್ರು ಅಂತಾರೆ. ಅಂದ್ರೆ ಕೈಯಿಂದ ಕೈಗೆ ದಾಟಿ ಉಳಿದಿರೋ ಚಿತ್ರ ಇದು, ನೀವು ಬರೆಸೋದೂ ಅದೇ ಸಾಲಿಗೆ ಸೇರುತ್ತೆ. ನಂಗೆ ಅದೇ ತುಂಬಾ ಇಷ್ಟವಾಗೋದು.

ಇತಿಹಾಸ_ಪ್ರಿಯೆ:
ಕೋಟೆ ಬೀದಿಯವರು ಹೇಳಿದ್ದು ಸರಿ, ಅದಕ್ಕೇ ನಾನು ಇದೇ ಯುದ್ಧದ ಚಿತ್ರದ ಕಾಗದದ ಪ್ರತಿ ಒಂದಿದೆ, ಅದನ್ನ ನೋಡಿ ಅಂತೀನಿ. ಹತ್ತು ದೊಡ್ಡ ಹಾಳೆ ಜೋಡಿಸಿ ಬರೆದದ್ದು, ಸುಮಾರು 32 ಅಡಿ ಉದ್ದ. 2022ರ ಮಾರ್ಚ್‌ನಲ್ಲಿ ಲಂಡನ್ನಿನ ಸೋದಬಿಸ್ ಹರಾಜಲ್ಲಿ 6,30,000 ಪೌಂಡಿಗೆ ಹೋಯ್ತು. ಆಗ ಬಂದ ಫೋಟೋಗಳು ಚೆನ್ನಾಗಿ ಸಿಗ್ತವೆ, ಬಣ್ಣ ಗೋಡೆಗಿಂತ ತಿಳಿಯಾಗಿದೆ, ದುರ್ಬೀನು ಹಿಡಿದ, ಮೈಸೂರಿನ ಕಡೆಗಿದ್ದ ಫ್ರೆಂಚ್ ಅಧಿಕಾರಿ ಲಾಲಿಯಂತೂ ಎಷ್ಟು ಸ್ಪಷ್ಟ ಅಂದ್ರೆ! ಬ್ರಿಟಿಷರು ಟಿಪ್ಪು ಸೋತದ್ದನ್ನ ಬೇಕಾದಷ್ಟು ಸಲ ಚಿತ್ರಿಸಿದ್ದಾರೆ, ರಾಬರ್ಟ್ ಕೆರ್ ಪೋರ್ಟರ್ ಶ್ರೀರಂಗಪಟ್ಟಣ ಬಿದ್ದದ್ದನ್ನ ದೊಡ್ಡ ಪನೋರಮಾ (ತುಂಬಾ ಅಗಲದ ಚಿತ್ರ) ಮಾಡಿ 1800ರಲ್ಲಿ ಲಂಡನ್ನಲ್ಲಿ ಟಿಕೆಟ್ ಇಟ್ಟು ತೋರಿಸ್ದ. ಗೆದ್ದ ಮೈಸೂರಿನವರೇ ಬರೆಸಿದ ಚಿತ್ರ ಇದು, ಹಾಗಾಗಿ ಪ್ರತಿ ಮಾಡೋರು ಜಾಗ್ರತೆಯಿಂದ ಮಾಡ್ಲಿ.

ಬಣ್ಣದ_ಬಟ್ಟಲು:
ಮೇಡಂ ಒಪ್ಪಿದೆ, ಮುಖಕ್ಕೂ ಬಟ್ಟೆಗೂ ಕಾಗದದ್ದೇ ಇಟ್ಕೊಳ್ಳಿ. ಆದ್ರೆ ಬಣ್ಣಕ್ಕೆ ಗೋಡೆನೇ ನೋಡ್ಬೇಕು, ಕಂಪ್ಯೂಟರ್ ಸ್ಕ್ರೀನ್ ನಂಬಿದ್ರೆ ಕೆಂಪು ಕಣ್ಣಿಗೆ ಹೊಡೆಯೋ ಹಾಗೆ ಬರುತ್ತೆ. ಕಲಾವಿದರನ್ನ ಒಂದ್ಸಲ ಕರ್ಕೊಂಡು ಹೋಗಿ, ಬಣ್ಣದ ಚೀಟಿ ಮಾಡ್ಕೊಂಡು ಗೋಡೆ ಮುಂದೆ ನಿಂತು ಹೋಲಿಸ್ಲಿ.

ಮಂಡ್ಯ_ಸೀಮೆ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬೇಲಿ ಪಲ್ಲಕ್ಕಿ, ಮದ್ದಿನ ಗಾಡಿ ಇರೋ ಭಾಗ ಮಾತ್ರ ಮಾಡಿಸ್ತೀನಿ. ಮೈಸೂರಿನ ಒಬ್ಬ ಕಲಾವಿದರು ಗೊತ್ತಿದ್ದಾರೆ, ಮುಂದಿನ ವಾರ ದರಿಯಾ ದೌಲತ್‌ಗೆ ಕರ್ಕೊಂಡು ಹೋಗ್ತೀನಿ. ಚಿತ್ರದ ಹಿಂದೆ ಏನಾದ್ರೂ ಬರೆಸ್ಬೇಕಾ?

ಇತಿಹಾಸ_ಪ್ರಿಯೆ:
ಖಂಡಿತಾ ಬರೆಸಿ. ಇದು ಪ್ರತಿ, ಯಾವುದನ್ನ ನೋಡಿ ಬರೆದದ್ದು, ಯಾರು ಬರೆದ್ರು, ಯಾವ ವರ್ಷ, ಇಷ್ಟು ಸಾಕು. ಕಲಾವಿದರ ಹೆಸರು ಮುಂದೆಯೂ ಇರ್ಲಿ, ದರಿಯಾ ದೌಲತ್ ಗೋಡೆ ಬರೆದವರ ಹೆಸರನ್ನಂತೂ ಯಾರೂ ಬರೆದಿಡ್ಲಿಲ್ಲ.