ಮಂಗಳೂರಲ್ಲಿ 3ಡಿಎಸ್ ಸ್ಟ್ರೀಟ್‌ಪಾಸ್ ಆಡುವವರು ಯಾರಾದ್ರೂ ಇದ್ದೀರಾ?

ಕದ್ರಿ_ಗುಡ್ಡೆ:
ಹಳೇ ನಿಂಟೆಂಡೊ 3ಡಿಎಸ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ) ಒಂದು ಸಿಕ್ಕಿತು. ಅದರಲ್ಲಿ ಮೀ ಪ್ಲಾಜಾ ಅಂತ ಇದೆ. ಇನ್ನೊಬ್ಬರ 3ಡಿಎಸ್ ಹತ್ತಿರ ಸುಳಿದರೆ ಸಾಕು, ಅವರ ಮೀ (ಆಡುವವರು ತಮಗಾಗಿ ಮಾಡಿಕೊಂಡ ಕಾರ್ಟೂನ್) ಗೊಂಬೆ ನಮ್ಮದಕ್ಕೆ ಬರುತ್ತದೆ, ಇದಕ್ಕೇ ಸ್ಟ್ರೀಟ್‌ಪಾಸ್ ಅನ್ನುವುದು, ಆಮೇಲೆ ಅದನ್ನು ಇಟ್ಟುಕೊಂಡು ಸಣ್ಣ ಸಣ್ಣ ಆಟ ಆಡಬಹುದು. ಐಡಿಯಾ ಭಾರೀ ಇಷ್ಟ ಆಯ್ತು. ಆದರೆ ಹಂಪನಕಟ್ಟೆ, ಪಣಂಬೂರು ಬೀಚ್ ಎಲ್ಲ ಸುತ್ತಿದರೂ ಒಂದು ಗೊಂಬೆಯೂ ಇಲ್ಲ. ಒಬ್ಬನೇ ಆಡಲಿಕ್ಕೆ ಆಗುತ್ತದಾ?

ಸುಮ್ನೆ_ಆಡುವವ:
ಆಗುತ್ತದೆ ಮಾರಾಯ್ರೆ. 3ಡಿಎಸ್ ಮುಚ್ಚಿ ಜೇಬಲ್ಲಿಟ್ಟು ನಡೆಯಿರಿ. 100 ಹೆಜ್ಜೆಗೆ 1 ಪ್ಲೇ ಕಾಯಿನ್, ದಿನಕ್ಕೆ 10 ಮಾತ್ರ, ಒಟ್ಟು 300 ತನಕ ಕೂಡಿಡಬಹುದು. ಗೊಂಬೆಗಳು ವೀರರಾಗಿ ಕಾದಾಡುವ ಫೈಂಡ್ ಮೀ ಆಟದಲ್ಲಿ ಆ ಕಾಯಿನ್ ಕೊಟ್ಟು ಬಾಡಿಗೆ ವೀರರನ್ನು ಕರೆಯಬಹುದು. ಚಿತ್ರದ ತುಂಡು ಜೋಡಿಸುವ ಪಝಲ್ ಸ್ವಾಪ್ ಆಟದಲ್ಲೂ ಕಾಯಿನ್‌ಗೆ ತುಂಡು ಸಿಗುತ್ತದೆ, ಆದರೆ ಗುಲಾಬಿ ತುಂಡು ಕಾಯಿನ್‌ಗೆ ಬರುವುದಿಲ್ಲ, ಅದಕ್ಕೆ ಮನುಷ್ಯರೇ ಬೇಕು.

ಮಲ್ಪೆ_ಗೇಮರ್:
ನನಗೆ ಫೈಂಡ್ ಮೀಯೇ ಜಾಸ್ತಿ ಇಷ್ಟ. ಗೊಂಬೆಯ ಅಂಗಿ ಬಣ್ಣ ನೋಡಿ ಅದರ ಮಾಯಾಶಕ್ತಿ ಬದಲಾಗುತ್ತದೆ, ಕತ್ತಲೆ ಕೋಣೆಗೆ ಬಿಳಿ ಅಂಗಿಯವನೇ ಬೇಕು, ಅವನು ಬರುವ ತನಕ ಕಾಯ್ತಾ ಕೂರುವುದು ತಲೆಬಿಸಿ. ಮೀ ಪ್ಲಾಜಾಕ್ಕೆ 2013ರಲ್ಲಿ ಬಂದ, ದುಡ್ಡು ಕೊಟ್ಟು ಕೊಳ್ಳುವ ಆಟಗಳನ್ನು ಈಗ ಹೊಸದಾಗಿ ಕೊಳ್ಳಲಿಕ್ಕೆ ಆಗುವುದಿಲ್ಲ, 3ಡಿಎಸ್‌ನ ಆನ್‌ಲೈನ್ ಅಂಗಡಿ ಇ-ಶಾಪ್ 2023ರ ಮಾರ್ಚ್‌ನಲ್ಲೇ ಮುಚ್ಚಿತು. ಸ್ಟ್ರೀಟ್‌ಪಾಸ್‌ಗೆ ಇಂಟರ್ನೆಟ್ ಬೇಡ, ಹಾಗಾಗಿ ಅದು ಉಳಿದಿದೆ.

ಕದ್ರಿ_ಗುಡ್ಡೆ:
ಹಾಗಾದರೆ ಮಲ್ಪೆಯವರೇ, ಮಂಗಳೂರಿಗೆ ಯಾವಾಗ ಬರ್ತೀರಿ? ಒಬ್ಬರನ್ನೇ ಮತ್ತೆ ಮತ್ತೆ ಭೇಟಿಯಾದರೆ ಅವರ ಗೊಂಬೆಯ ಲೆವೆಲ್ ಏರುತ್ತದಂತೆ ಅಲ್ವಾ?

ಮಲ್ಪೆ_ಗೇಮರ್:
ಹೌದು. ಭಾನುವಾರ ಬರ್ತೇನೆ, ಐಸ್‌ಕ್ರೀಮ್ ನಿಮ್ಮದು.